ಹಿತ್ತಲ ಕೋಳಿ ಕಾಯಿಲೆ ಬಿದ್ದಾಗ

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಕೆಲವು ಕಾಲದಿಂದ ಒಂದೇ ಬಗೆಯ ಪ್ರಶ್ನೆ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಬರೆಯುವವರು ಒಂಟಿಕೊಪ್ಪಲಿನವರು, ಕೃಷ್ಣಮೂರ್ತಿಪುರದವರು, ಅಥವಾ ಮೈಸೂರು ನಗರವು ಬೆಳೆಯುತ್ತ ತನ್ನೊಳಗೆ ಸೇರಿಸಿಕೊಂಡ ಮೇಟಗಳ್ಳಿ, ಹಿನಕಲ್ ಮೊದಲಾದ ಹಳೆಯ ಗ್ರಾಮಗಳವರು. ಹಿತ್ತಲಿನಲ್ಲಿಯೋ ಮಹಡಿಯ ಮೇಲೆಯೋ ನಾಲ್ಕಾರು ಕೋಳಿಗಳನ್ನು, ಮೊಟ್ಟೆಯ ಲಾಭಕ್ಕಿಂತ ಹೆಚ್ಚಾಗಿ ಅಕ್ಕರೆಯಿಂದ, ಹೆಸರಿಟ್ಟು ಸಾಕಿಕೊಂಡವರು. ಅವರೆಲ್ಲರ ಬಿನ್ನಹದ ಸಾರ ಇಷ್ಟು: ನಿನ್ನೆಯವರೆಗೆ ಅಂಗಳವನ್ನೆಲ್ಲ ಕೆದಕಿಕೊಂಡು ಓಡಾಡುತ್ತಿದ್ದ ಹ್ಯಾಟೆ ಇಂದು ಮೂಲೆ ಹಿಡಿದು ರೆಕ್ಕೆ ಜೋಲುಬಿಟ್ಟು ತೂಕಡಿಸುತ್ತಿದೆ, ಮೈಮೇಲೆ ಗಾಯವಿಲ್ಲ, ಮೂಗು ಸೋರುತ್ತಿಲ್ಲ, ಜೊತೆಯ ಕೋಳಿಗಳಿಗೆ ಏನೂ ಆಗಿಲ್ಲ, ಕಾರಣ ತಿಳಿಯದು, ಏನು ಮಾಡಲಿ? ಈ ಪ್ರಶ್ನೆಗೆ ನೆರೆಹೊರೆಯವರಿಂದ ದೊರೆಯುವ ಉತ್ತರ ಸಾಮಾನ್ಯವಾಗಿ ಎರಡೇ. ಸಾಯುವುದಕ್ಕೆ ಮುಂಚೆ ಕೊಯ್ದು ಸಾರು ಮಾಡಿಬಿಡಿ ಎಂಬುದೊಂದು. ಕೋಳಿಯ ಆಯುಸ್ಸೇ ಅಷ್ಟು, ಹೋದರೆ ಇನ್ನೊಂದನ್ನು ತಂದುಕೊಳ್ಳಿ ಎಂಬುದು ಮತ್ತೊಂದು. ಎರಡನ್ನೂ ನಾನು ಒಪ್ಪಲಾರೆ. ಯಾವ ರೋಗದಿಂದ ಬಳಲುತ್ತಿದೆಯೆಂದು ತಿಳಿಯದ ಹಕ್ಕಿಯನ್ನು ಕೊಯ್ಯುವ ಕೈಗೂ, ತರಿಯುವ ಮಣೆಗೂ, ಅಡಿಗೆಮನೆಗೂ ಆ ರೋಗಾಣು ಹರಡುವ ಸಂಭವವಿರುವುದರಿಂದ ಮೊದಲನೆಯ ಸಲಹೆ ಅಪಾಯಕರವಾದುದು. ಎರಡನೆಯದು ನಿಜವೂ ಅಲ್ಲ, ಏಕೆಂದರೆ ಚೆನ್ನಾಗಿ ಸಾಕಿದ ಹ್ಯಾಟೆ ಐದಾರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ನೆಮ್ಮದಿಯಾಗಿ ಬದುಕುತ್ತದೆ. ಅಲ್ಲದೆ, ಒಂದು ಜೀವಿ ನಮ್ಮ ಅಂಗಳದಲ್ಲಿ ನರಳುತ್ತಿರುವಾಗ ಏಕೆ ನರಳುತ್ತಿದೆಯೆಂದು ವಿಚಾರಿಸುವ ಕರ್ತವ್ಯದಿಂದಲೇ ಆ ಸಲಹೆ ನಮ್ಮನ್ನು ಬಿಡಿಸಿಬಿಡುತ್ತದೆ.

ಕಾರಣ ತಿಳಿಯದ ಕಾಯಿಲೆಯೆಂದು ನಾವು ಕೈಚೆಲ್ಲುವ ಕಾಯಿಲೆಗಳಲ್ಲಿ ಬಹುಪಾಲು, ನಾನು ಕಂಡಮಟ್ಟಿಗೆ, ಯಾರೂ ಕಾರಣವನ್ನು ವಿಚಾರಿಸದೆ ಬಿಟ್ಟವು. ಇದಕ್ಕಾಗಿ ಸಾಕಿದವರನ್ನು ದೂಷಿಸುವಂತಿಲ್ಲ. ಹಸುವಿನ ವೈದ್ಯವು ಒಂದೊಂದು ಹಸುವನ್ನೂ ನಾಯಿಯ ವೈದ್ಯವು ಒಂದೊಂದು ನಾಯಿಯನ್ನೂ ಲಕ್ಷ್ಯದಲ್ಲಿಟ್ಟುಕೊಂಡು ಬೆಳೆದುಬಂದಿದ್ದರೆ, ಕೋಳಿಯ ವೈದ್ಯವು ಸಾವಿರಗಟ್ಟಲೆ ಹಕ್ಕಿಗಳ ಸಮೂಹವನ್ನು ಲಕ್ಷ್ಯದಲ್ಲಿಟ್ಟುಕೊಂಡು ಬೆಳೆದುದು. ಫಾರಮಿನ ಹತ್ತು ಸಾವಿರ ಕೋಳಿಗಳ ನಡುವೆ ಕೆಲವು ಮಂಕಾದರೆ, ಅವುಗಳಲ್ಲೊಂದನ್ನು ಸೀಳಿ ನೋಡಿ, ಉಳಿದವುಗಳ ರಕ್ಷಣೆಗೆ ನೀರಿನಲ್ಲಿ ಔಷಧವನ್ನು ಬೆರೆಸುವುದು ಅಲ್ಲಿನ ಕ್ರಮ. ಒಂಟಿ ಕೋಳಿಯ ಶುಶ್ರೂಷೆಗೆ ಆ ಲೆಕ್ಕಾಚಾರದಲ್ಲಿ ಸ್ಥಳವಿಲ್ಲ. ಹೀಗಾಗಿ, ಚೀಲದಲ್ಲಿ ಒಂದೇ ಒಂದು ಕೋಳಿಯನ್ನು ಹೊತ್ತುಕೊಂಡು ಪಶು ಆಸ್ಪತ್ರೆಯ ಬಾಗಿಲಿಗೆ ಹೋದವರು, ಹಸುಗಳ ಮತ್ತು ನಾಯಿಗಳ ಒಡೆಯರ ನಡುವೆ, ತಾವೇನೋ ಸಲ್ಲದ ಕೆಲಸಕ್ಕೆ ಬಂದವರಂತೆ ಸಂಕೋಚಪಡುತ್ತಾರೆ. ಅಂಥ ಸಂಕೋಚಕ್ಕೆ ಕಾರಣವೇ ಇಲ್ಲ. 1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಗೆ, ಎದೆಯಲ್ಲಿ ಗಂಟು ಬೆಳೆದಿದ್ದ ಒಂದು ಪ್ಲಿಮತ್ ರಾಕ್ ಕೋಳಿಯನ್ನು ಸಾಕಿದವರು ತಂದೊಪ್ಪಿಸಿದರು. ಪೇಟನ್ ರೌಸ್ ಎಂಬ ತರುಣ ವಿಜ್ಞಾನಿ ಆ ಒಂದು ಕೋಳಿಯ ಗಂಟನ್ನು ಶೋಧಿಸುತ್ತ ಹೋಗಿ, ಕ್ಯಾನ್ಸರ್ ರೋಗವನ್ನು ವೈರಸ್ಸೂ ಉಂಟುಮಾಡಬಲ್ಲದೆಂಬುದನ್ನು 1911ರಲ್ಲಿ ತೋರಿಸಿಕೊಟ್ಟನು. ಆ ಕೆಲಸಕ್ಕೆ 1966ರಲ್ಲಿ, ಅವನ ಎಂಬತ್ತೇಳನೆಯ ವಯಸ್ಸಿನಲ್ಲಿ, ನೊಬೆಲ್ ಪಾರಿತೋಷಕ ಬಂದಿತು. ಕೋಳಿಯೊಂದನ್ನು ಸಂಕೋಚಪಡದೆ ಪರೀಕ್ಷೆಗೆ ಒಯ್ದುದರಿಂದ ಇಷ್ಟು ನಡೆದುದುಂಟು.

ಕೋಳಿಯ ಕಾಯಿಲೆ ನಮಗೆ ಹಠಾತ್ತಾಗಿ ಬಂದಂತೆ ತೋರುವುದಕ್ಕೆ ಆ ಹಕ್ಕಿಯ ಸ್ವಭಾವವೇ ಮುಖ್ಯ ಕಾರಣ. ಇದರ ಪೂರ್ವಜರು ಕಾಡುಕೋಳಿಗಳು. ನರಿ, ಕಾಡುಬೆಕ್ಕು, ಗಿಡುಗಗಳ ಕಣ್ಣಿನ ಕೆಳಗೆ ಬಾಳಿದವು. ಗುಂಪಿನಲ್ಲಿ ಸೊರಗಿದಂತೆ ಕಂಡದ್ದು ಮೊದಲು ಬಲಿಯಾಗುತ್ತಿತ್ತು. ಜೊತೆಯ ಕೋಳಿಗಳೂ ಸೊರಗಿದ್ದನ್ನು ಕುಕ್ಕಿ ದೂರ ಅಟ್ಟುತ್ತಿದ್ದುವು. ಆದುದರಿಂದ ನೋವನ್ನು ಮರೆಮಾಚಿಕೊಂಡು, ಮೇವಿದ್ದಲ್ಲಿ ಕೊಕ್ಕನ್ನಾಡಿಸುತ್ತ, ತಿನ್ನದಿದ್ದರೂ ತಿನ್ನುವಂತೆ ತೋರುತ್ತ ಇರುವುದು ಅದರ ರಕ್ತದಲ್ಲಿಯೇ ಬಂದ ಗುಣ. ಅದು ಬಹಿರಂಗವಾಗಿ ತೂಕಡಿಸತೊಡಗಿತೆಂದರೆ, ಮರೆಮಾಚುವ ಶಕ್ತಿಯೂ ಉಡುಗಿತೆಂದು ಅರ್ಥ. ಕಾಯಿಲೆ ಹಲವು ದಿನಗಳ ಹಿಂದೆಯೇ ಹೊಕ್ಕಿರುತ್ತದೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ಹಿರಿಯ ಹೆಂಗಸೊಬ್ಬರು, ಹುಟ್ಟಿದಂದಿನಿಂದ ಕೋಳಿಗಳ ನಡುವೆ ಬೆಳೆದವರು, ಒಮ್ಮೆ ನನಗೆ ಹೇಳಿದರು: “ಮೇಷ್ಟ್ರೇ, ಮಧ್ಯಾಹ್ನ ಮೇಯೋವಾಗ ನೋಡಿದ್ರೆ ಏನೂ ಗೊತ್ತಾಗಕಿಲ್ಲ. ಹೊತ್ತಾರೆ ಗೂಡಿನ ಬಾಗಿಲು ತೆಗೀತೀರಲ್ಲ, ಆವಾಗ ಯಾವುದು ಕಡೇಲಿ ಬತ್ತದೆ ಅದನ್ನ ನೋಡ್ಕೊಳಿ.” ಕೋಳಿ ಸಾಕುವುದರ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಇದಕ್ಕಿಂತ ಉಪಯುಕ್ತವಾದ ಮಾತು ನನಗೆ ದೊರೆತಿಲ್ಲ. ಆರೋಗ್ಯವಾದ ಕೋಳಿ ಬಾಗಿಲು ತೆರೆಯುತ್ತಲೇ ನುಗ್ಗಿ ಬರುತ್ತದೆ. ಕಡೆಗೆ ಬಂದುದು, ಅಥವಾ ಬಾರದೆ ಒಳಗೇ ಉಳಿದುದು, ಅಂದಿನಿಂದ ನಮ್ಮ ಗಮನಕ್ಕೆ ಪಾತ್ರವಾಗತಕ್ಕದ್ದು.

ಗಮನವೆಂದರೆ ಏನು ನೋಡಬೇಕೆಂಬುದು ಮುಂದಿನ ಮಾತು. ಮೈ ಬಿಸಿಯಾಗಿದೆ, ಜ್ವರವಿರಬೇಕು ಎಂದು ಅನೇಕರು ಬರೆಯುತ್ತಾರೆ. ಆದರೆ ಕೋಳಿಯ ಸಹಜವಾದ ದೇಹೋಷ್ಣವೇ ಸುಮಾರು 41 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮ ಕೈಗೆ ಅದು ಎಂದೂ ಜ್ವರ ಬಂದಂತೆಯೇ ಇರುತ್ತದೆ. ಹಾಗೆ ನೋಡುವುದಕ್ಕಿಂತ, ಅದನ್ನು ಮೆಲ್ಲನೆ ತೊಡೆಯ ಮೇಲೆ ಕೂರಿಸಿಕೊಂಡು ಕತ್ತಿನ ಬುಡದಲ್ಲಿರುವ ಮೇವಿನ ಚೀಲವನ್ನು ಬೆರಳಿನಿಂದ ಮುಟ್ಟಿ ನೋಡಬೇಕು: ಸಂಜೆ ತುಂಬಿರುವ ಆ ಚೀಲ ಬೆಳಗಿನ ಹೊತ್ತಿಗೆ ಬರಿದಾಗಿರಬೇಕು, ಬೆಳಗಿನಲ್ಲಿಯೂ ಗಟ್ಟಿಯಾಗಿಯೋ ಹುಳಿವಾಸನೆಯ ನೀರು ತುಂಬಿದಂತೆ ಮೆತ್ತಗಾಗಿಯೋ ಇದ್ದರೆ, ಹುಲ್ಲೋ ದಾರವೋ ಸಿಕ್ಕಿಕೊಂಡು ದಾರಿ ಕಟ್ಟಿದೆಯೆಂದು ಊಹಿಸಬಹುದು. ಅನಂತರ ಎದೆಯ ನಡುವಿನ ಮೂಳೆಯನ್ನು ಸವರಬೇಕು. ಗರಿಗಳ ಮರೆಯಲ್ಲಿ ಕಣ್ಣಿಗೆ ದಷ್ಟಪುಷ್ಟವಾಗಿ ತೋರುವ ಕೋಳಿಯ ಎದೆಮೂಳೆ ಕತ್ತಿಯ ಅಲಗಿನಂತೆ ಕೈಗೆ ಸಿಕ್ಕಿದರೆ, ಅದು ವಾರಗಳಿಂದ ಸೊರಗುತ್ತಿದೆಯೆಂದು ನಿಶ್ಚಯಿಸಬಹುದು. ಜುಟ್ಟಿನ ಕೆಂಪು ಮಾಸಿ ಬಿಳಿಚಿಕೊಂಡಿದ್ದರೆ ರಕ್ತಹೀನತೆ, ಹೇನು ಉಣ್ಣೆಗಳ ಕಾಟ, ಹೊಟ್ಟೆಯ ಜಂತು. ನೀಲಿಗೆ ತಿರುಗಿದ್ದರೆ ಉಸಿರಿಗೋ ಹೃದಯಕ್ಕೋ ತೊಂದರೆ. ಎಲ್ಲಕ್ಕಿಂತ ಹೆಚ್ಚಿನ ಸಾಕ್ಷ್ಯವೆಂದರೆ ಹಿಕ್ಕೆ. ಹಿಕ್ಕೆಯ ಮೇಲಿನ ಬಿಳಿಯ ಲೇಪ ಕೋಳಿಯ ಮೂತ್ರವೇ ಆದುದರಿಂದ ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಕಡು ಹಸುರು ನೀರಿನಂಥ ಹಿಕ್ಕೆ ಹೊಟ್ಟೆ ಬರಿದಾಗಿರುವುದಕ್ಕೋ ಘೋರವಾದ ಸೋಂಕಿಗೋ ಗುರುತು, ರಕ್ತ ಬೆರೆತುದು ಎಳೆಯ ಪಿಳ್ಳೆಗಳಲ್ಲಿ ಕಾಣಿಸುವ ರಕ್ತಭೇದಿಗೆ ಗುರುತು. ಇವುಗಳ ಜೊತೆಗೆ, ಕಾಯಿಲೆಯೇ ಅಲ್ಲದ ಎರಡು ಸಂಗತಿಗಳನ್ನೂ ನೆನಪಿನಲ್ಲಿಡಬೇಕು. ಕಾವಿಗೆ ಕೂತ ಹ್ಯಾಟೆ ಮೇವು ನೀರು ಬಿಟ್ಟು ಗೂಡಿನಲ್ಲಿ ಮೈ ಹರಡಿಕೊಂಡಿರುವುದೂ, ಗರಿ ಉದುರಿಸುವ ಕಾಲದಲ್ಲಿ ಮೊಟ್ಟೆ ನಿಲ್ಲಿಸಿ ಮಂಕಾಗಿರುವುದೂ ಸಹಜ ಧರ್ಮ. ಬಂದ ಕಾಗದಗಳಲ್ಲಿ ಕೆಲವು ಇವನ್ನೇ ರೋಗವೆಂದು ಭ್ರಮಿಸಿ ಬರೆದವು.

ಕಾರಣ ತಿಳಿಯುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಯಾವ ರೋಗವಾದರೂ ಹಿತವಾಗುವ ಶುಶ್ರೂಷೆ ಒಂದುಂಟು, ಅದು ಏಕಾಂತ, ಶಾಖ, ನೀರು ಇಷ್ಟರಲ್ಲಿ ಅಡಕವಾಗಿದೆ. ಕಾಯಿಲೆಯ ಕೋಳಿಯನ್ನು ಉಳಿದವುಗಳ ಕುಕ್ಕುವಿಕೆಯಿಂದ ತಪ್ಪಿಸಿ, ರಟ್ಟಿನ ಪೆಟ್ಟಿಗೆಯಲ್ಲಿಯೋ ಅಗಲವಾದ ಮಂಕರಿಯಲ್ಲಿಯೋ ಒಣಹುಲ್ಲು ಹಾಸಿ, ಗಾಳಿ ನೇರವಾಗಿ ಬೀಸದ ಕಡೆ ಇಡಬೇಕು. ಮಾರ್ಗಶಿರ ಪುಷ್ಯಗಳ ಮೈಸೂರಿನ ಚಳಿಯಲ್ಲಿ ಒಂದು ಮಗ್ಗುಲಿಗೆ ಸಣ್ಣ ಬಲ್ಬನ್ನು ತೂಗಬಿಟ್ಟು, ಸೆಖೆಯಾದರೆ ಇನ್ನೊಂದು ಮಗ್ಗುಲಿಗೆ ಸರಿದುಕೊಳ್ಳಲು ಅವಕಾಶವಿರಿಸಬೇಕು. ಕೋಳಿ ತನ್ನ ಮೈಯ ಬಿಸಿಯನ್ನು ಉಳಿಸಿಕೊಳ್ಳುವುದಕ್ಕೇ ಆಹಾರದ ಬಲವನ್ನು ಬಹಳಷ್ಟು ವ್ಯಯಮಾಡುತ್ತದಾದುದರಿಂದ, ಹೊರಗಿನಿಂದ ಶಾಖ ಒದಗಿಸಿದಷ್ಟೂ ರೋಗದೊಡನೆ ಹೋರಾಡುವ ಶಕ್ತಿ ಅದಕ್ಕೆ ಉಳಿಯುತ್ತದೆ. ಔಷಧದಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪುಡಿಯನ್ನು ಬೆರೆಸಿದ ನೀರನ್ನು ಬಟ್ಟಲಿನಲ್ಲಿಟ್ಟು, ಕೊಕ್ಕಿನ ತುದಿಯನ್ನು ಅದರಲ್ಲಿ ಅದ್ದಿ ತೋರಿಸಿದರೆ ಬಹುಮಟ್ಟಿಗೆ ತಾನೇ ಕುಡಿಯುತ್ತದೆ. ಕುಡಿಯದಿದ್ದರೆ ಕೊಕ್ಕಿನ ಪಕ್ಕದಲ್ಲಿ ಒಂದೊಂದೇ ಹನಿ ಬಿಡಬಹುದು. ಆದರೆ ಬಾಯಿ ತೆರೆಸಿ ನೀರು ಹುಯ್ಯುವುದು ಮಾತ್ರ ಕೂಡದು, ಏಕೆಂದರೆ ಕೋಳಿಯ ಶ್ವಾಸನಾಳದ ಬಾಯಿ ನಾಲಗೆಯ ಹಿಂದೆಯೇ ತೆರೆದುಕೊಂಡಿದ್ದು, ಹುಯ್ದ ನೀರು ಶ್ವಾಸಕೋಶಕ್ಕೆ ಇಳಿದು, ಬದುಕಬಹುದಾಗಿದ್ದ ಹಕ್ಕಿ ಅದರಿಂದಲೇ ಸಾಯುತ್ತದೆ. ಬೆಂದ ಮೊಟ್ಟೆಯ ಪುಡಿ, ನೆನೆಸಿದ ರಾಗಿ, ಸ್ವಲ್ಪ ಮೊಸರು ಇವುಗಳಿಂದ ಆಸೆ ಹುಟ್ಟಿಸಬಹುದು. ಪ್ರತಿಯೊಂದು ಸಲ ಮುಟ್ಟಿದ ಮೇಲೂ ಸೋಪಿನಿಂದ ಕೈ ತೊಳೆಯುವುದು, ಆ ಕೋಳಿಗೆ ಬೇರೆಯೇ ಬಟ್ಟಲು ಇರಿಸುವುದು, ಗುಂಪಿನ ಕೆಲಸವನ್ನೆಲ್ಲ ಮುಗಿಸಿದ ಮೇಲೆ ಕಡೆಗೆ ಇದರ ಬಳಿಗೆ ಹೋಗುವುದು ಇವೆಲ್ಲ ಹೇಳದೆಯೇ ತಿಳಿಯುವ ಮಾತುಗಳಾದರೂ, ಹೇಳಿದರೆ ನಷ್ಟವಿಲ್ಲ.

ನಗರದ ಮನೆಗಳಲ್ಲಿ ಸಾಕುವ ಕೋಳಿಗಳಿಗೆ ಬರುವ ನಿಗೂಢ ಕಾಯಿಲೆಗಳಿಗೆ ಎಷ್ಟೋ ವೇಳೆ ಮೂಲ ನಮ್ಮ ಅಡಿಗೆಮನೆಯಲ್ಲಿಯೇ ಇರುತ್ತದೆ. ಹಳ್ಳಿಯ ಕೋಳಿ ತಿಪ್ಪೆ ಕೆದಕಿ ಹುಳುವನ್ನೂ, ಕಣದಲ್ಲಿ ರಾಗಿಯನ್ನೂ, ಬೇಲಿಯ ಸಾಲಿನಲ್ಲಿ ಸೊಪ್ಪನ್ನೂ ಆರಿಸಿಕೊಂಡು ತನ್ನ ಪಥ್ಯವನ್ನು ತಾನೇ ನೋಡಿಕೊಳ್ಳುತ್ತದೆ. ಮಹಡಿಯ ಮೇಲಿನ ಕೋಳಿ ಮಾತ್ರ ನಾವು ಉಂಡು ಮಿಕ್ಕ ಬಿಳಿಯ ಅನ್ನವನ್ನೇ ನಂಬಿ ಬದುಕಬೇಕು. ಈ ಅನ್ನದ ಕಥೆ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಪ್ರಸಿದ್ಧವಾದುದು. ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಜಾವಾ ದ್ವೀಪದ ಬಟೇವಿಯಾದಲ್ಲಿ ಕ್ರಿಸ್ಟಿಯಾನ್ ಐಕ್ಮಾನ್ ಎಂಬ ಡಚ್ ವೈದ್ಯನು ಬೆರಿಬೆರಿ ರೋಗದ ಸೂಕ್ಷ್ಮಾಣುವನ್ನು ಅರಸುತ್ತಿದ್ದಾಗ, ಅವನ ಪ್ರಯೋಗಾಲಯದ ಕೋಳಿಗಳು ಒಂದೊಂದಾಗಿ ಕಾಲು ಸೋತು, ಕುತ್ತಿಗೆ ಸೆಟೆದು ಬೀಳತೊಡಗಿದುವು. ಯಾವ ಸೋಂಕೂ ಕಾಣಲಿಲ್ಲ. ಕೆಲವು ತಿಂಗಳ ಮೇಲೆ ರೋಗ ತಾನಾಗಿಯೇ ಮಾಯವಾಯಿತು. ವಿಚಾರಿಸಿದಾಗ ತಿಳಿದುಬಂದುದೇನೆಂದರೆ, ಕೋಳಿಗಳಿಗೆ ಅಷ್ಟು ದಿನ ಸೈನಿಕ ಆಸ್ಪತ್ರೆಯ ಅಡಿಗೆಮನೆಯಿಂದ ಪಾಲಿಷ್ ಮಾಡಿದ ಅಕ್ಕಿಯ ಅನ್ನ ಬರುತ್ತಿತ್ತು; ಹೊಸದಾಗಿ ಬಂದ ಅಡಿಗೆಯವನು ಸೈನ್ಯದ ಅಕ್ಕಿಯನ್ನು ಕೋಳಿಗಳಿಗೆ ಕೊಡಲೊಪ್ಪದೆ ನಿಲ್ಲಿಸಿದ್ದನು, ಆಮೇಲೆ ಅವು ಒರಟಕ್ಕಿಯನ್ನು ತಿಂದು ಚೇತರಿಸಿಕೊಂಡಿದ್ದುವು. ಅಕ್ಕಿಯ ತೌಡಿನಲ್ಲಿದ್ದು ಪಾಲಿಷ್‌ನಲ್ಲಿ ಕಳೆದುಹೋಗುವ ವಸ್ತುವೇ ಅನಂತರ ಬಿ1 ವಿಟಮಿನ್ ಎನಿಸಿಕೊಂಡಿತು. ಐಕ್ಮಾನನಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನಮ್ಮ ಪಕ್ಕದ ಬೀದಿಯ ಮನೆಯೊಂದರಲ್ಲಿ ಹುಂಜವೊಂದು ಕಾಲ್ಬೆರಳು ಮುದುರಿಕೊಂಡು ಏಳಲಾರದೆ ಬಿದ್ದಾಗ, ಲಕ್ವವೆಂದು ಎಲ್ಲರೂ ಆಸೆ ಬಿಟ್ಟಿದ್ದರು. ಪಶುವೈದ್ಯರು ಅದರ ಮೇವೇನೆಂದು ಕೇಳಿ ತಿಳಿದು ಬಿ ಕಾಂಪ್ಲೆಕ್ಸ್ ಕೊಡಿಸಿ, ಅನ್ನವನ್ನು ತಪ್ಪಿಸಿ ರಾಗಿ, ಮುಸುಕಿನ ಜೋಳ, ತೌಡು, ನುಗ್ಗೆಸೊಪ್ಪುಗಳಿಗೆ ಬದಲಾಯಿಸಿದ ಮೇಲೆ ಅದು ಎದ್ದು ನಿಂತುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೇವಿನ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಉಪ್ಪಿನಕಾಯಿ ಬೆರೆತ ಎಂಜಲು, ಹಪ್ಪಳ ಸಂಡಿಗೆಯ ಚೂರು ಇವುಗಳ ಉಪ್ಪೇ ಕೋಳಿಯಂಥ ಸಣ್ಣ ದೇಹಕ್ಕೆ ವಿಷವಾಗಬಲ್ಲದು. ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ ಮುಗ್ಗಿದ ಜೋಳವನ್ನೂ ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನೂ, ಮನುಷ್ಯರಿಗೆ ಬೇಡವಾದರೇನು, ಕೋಳಿಗಾದೀತು ಎಂದು ಹಾಕುವವರಿದ್ದಾರೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿಕೋಳಿಗಳು ಕೆಲವೇ ತಿಂಗಳುಗಳಲ್ಲಿ ಸತ್ತಾಗ, ಕಾರಣ ತೋರದೆ ಆ ರೋಗಕ್ಕೆ ಹೆಸರೇ ಇಲ್ಲದೆ ‘ಎಕ್ಸ್’ ಎಂದು ಕರೆದರು. ಕಡೆಗೆ ಅದರ ಮೂಲ ಬ್ರೆಜಿಲ್ ದೇಶದಿಂದ ತರಿಸಿದ್ದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದಿದ್ದ ಬೂಸ್ಟಿನ ವಿಷವೆಂದು ಗೊತ್ತಾಯಿತು. ಇಂದು ಆಹಾರ ವಿಜ್ಞಾನವನ್ನು ಬಲ್ಲವರೆಲ್ಲರೂ ತಿಳಿದಿರುವ ಅಫ್ಲಾಟಾಕ್ಸಿನ್ ಎಂಬುದು ಹೀಗೆ ಬೆಳಕಿಗೆ ಬಂದುದು. ಅದು ಯಕೃತ್ತನ್ನು ಸದ್ದಿಲ್ಲದೆ ಕೆಡಿಸುತ್ತದೆ. ಹೊರಗೆ ಕಾಣುವುದು ಮಂಕು, ಸೊರಗು, ಮೊಟ್ಟೆ ನಿಂತುಹೋಗುವುದು, ಇಷ್ಟೇ. ಇಲಿಪಾಷಾಣ, ಅದನ್ನು ತಿಂದು ಸತ್ತ ಇಲಿ, ಹೂದೋಟಕ್ಕೆ ಸಿಂಪಡಿಸಿದ ಕೀಟನಾಶಕ, ಕಿತ್ತುಬಿದ್ದ ಹಳೆಯ ಬಣ್ಣದ ಚಕ್ಕೆ, ಇವನ್ನೂ ಮನೆಯವರು ಒಮ್ಮೆ ನೆನಪುಮಾಡಿಕೊಂಡು ನೋಡಬೇಕು.

ಇನ್ನು ಸಾಂಕ್ರಾಮಿಕಗಳಲ್ಲಿ ನಮ್ಮ ನಾಡಿನ ಕೋಳಿಗಳಿಗೆ ಪರಮ ವೈರಿಯಾದುದು, ರೈತರು ಕೊಕ್ಕರೆ ರೋಗವೆನ್ನುವ ರಾಣಿಖೇತ್. 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ತಲೆದೋರಿದ ಈ ವೈರಸ್ ರೋಗವು ಅನಂತರ ಕುಮಾವೂನ್ ಬೆಟ್ಟಗಳ ರಾಣಿಖೇತದಲ್ಲಿ ಕಾಣಿಸಿಕೊಂಡು, ಭಾರತದಲ್ಲಿ ಆ ಊರಿನ ಹೆಸರನ್ನೇ ಪಡೆಯಿತು. ಬಾಯಿ ತೆರೆದು ಏದುಸಿರು, ಹಸುರು ಭೇದಿ, ರೆಕ್ಕೆ ಕಾಲುಗಳ ಸೋಲು, ತಿರುಚಿಕೊಂಡ ಕತ್ತು ಇವು ಅದರ ಲಕ್ಷಣಗಳು. ಬಂದ ಮೇಲೆ ಔಷಧವಿಲ್ಲ, ಬಾರದಂತೆ ತಡೆಯುವ ಲಸಿಕೆ ಮಾತ್ರ ಉಂಟು. ಮೈಸೂರು ಸಂಸ್ಥಾನದ ಕಾಲದಲ್ಲಿ, 1925ರಲ್ಲಿ, ಸೀರಂ ತಯಾರಿಕೆಗಾಗಿ ಬೆಂಗಳೂರಿನಲ್ಲಿ ಆರಂಭವಾಗಿ ಇಂದು ಹೆಬ್ಬಾಳದಲ್ಲಿ ನಡೆಯುತ್ತಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯೇ ಆ ಲಸಿಕೆಯನ್ನು ತಯಾರಿಸುತ್ತದೆ. ಪಿಳ್ಳೆ ಹುಟ್ಟಿದ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, 6ರಿಂದ 8 ವಾರಗಳ ವಯಸ್ಸಿನಲ್ಲಿ ರೆಕ್ಕೆಯ ಬುಡದಲ್ಲಿ ಚುಚ್ಚುಮದ್ದು, ಇದು ರೂಢಿಯ ಕ್ರಮ. ನಾಲ್ಕು ಕೋಳಿ ಸಾಕುವವರಿಗೆ ಎದುರಾಗುವ ತೊಡಕೇನೆಂದರೆ, ಲಸಿಕೆಯ ಒಂದೊಂದು ಸೀಸೆಯಲ್ಲಿಯೂ ನೂರಾರು ಕೋಳಿಗಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಗಳಲ್ಲಿ ಮುಗಿಸಬೇಕು. ಆದುದರಿಂದ ಬಡಾವಣೆಯ ಕೋಳಿ ಸಾಕುವವರೆಲ್ಲ ಒಂದು ದಿನ ಗೊತ್ತುಮಾಡಿಕೊಂಡು ಒಟ್ಟಾಗಿ ಹಾಕಿಸುವುದೊಂದೇ ದಾರಿ. ನಮ್ಮ ಬೀದಿಯಲ್ಲಿ ಹಾಗೆಯೇ ಮಾಡುತ್ತೇವೆ. ಸಂತೆಯಿಂದಲೋ ಜಾತ್ರೆಯಿಂದಲೋ ತಂದ ಹೊಸ ಕೋಳಿಯನ್ನು ಎರಡು ಮೂರು ವಾರ ಬೇರೆಯಾಗಿಯೇ ಇರಿಸಿ ಆಮೇಲೆ ಗುಂಪಿಗೆ ಸೇರಿಸುವುದು ಇನ್ನೊಂದು ಕಟ್ಟಳೆ.

ಕಾಗದ ಬರೆದವರಲ್ಲಿ ಹಲವರು, ಮನೆಯಲ್ಲಿ ಮಿಕ್ಕಿದ್ದ ಆಂಟಿಬಯಾಟಿಕ್ ಮಾತ್ರೆಯನ್ನು ಕಾಲುಭಾಗ ಮಾಡಿ ಕೊಡಬಹುದೇ ಎಂದು ಕೇಳಿದ್ದಾರೆ. ಕೊಡಬಾರದೆಂದೇ ನನ್ನ ಉತ್ತರ. ವೈರಸ್ ರೋಗಕ್ಕೂ, ವಿಟಮಿನ್ ಕೊರತೆಗೂ, ವಿಷಕ್ಕೂ ಅದರಿಂದ ಪ್ರಯೋಜನವಿಲ್ಲ. ಸೂಕ್ಷ್ಮಾಣುವಿನ ರೋಗವಾಗಿದ್ದರೂ, ಯಾವುದೆಂದು ತಿಳಿಯದೆ ಅರೆಪಾಲು ಕೊಟ್ಟ ಔಷಧ ರೋಗಾಣುವಿಗೆ ಔಷಧವನ್ನು ಜಯಿಸುವ ವಿದ್ಯೆಯನ್ನು ಕಲಿಸುತ್ತದೆ. ಮೊಟ್ಟೆಯ ಮೂಲಕ ಅದರ ಶೇಷ ನಮ್ಮ ಮಕ್ಕಳ ತಟ್ಟೆಗೂ ಬರುತ್ತದೆ. ಮನುಷ್ಯರಿಗೆ ಕಡೆಯ ಆಸರೆಯಾಗಿರುವ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿಗಳಿಗೂ ಆಹಾರಕ್ಕಾಗಿ ಸಾಕುವ ಇತರ ಪ್ರಾಣಿಗಳಿಗೂ ಬಳಸಕೂಡದೆಂದು ಭಾರತ ಸರ್ಕಾರವು 2019ರ ಜುಲೈಯಲ್ಲಿ ನಿಷೇಧಿಸಿದುದು ಈ ಭಯದಿಂದಲೇ.

ನಮ್ಮ ಮನೆಯ ಹ್ಯಾಟೆಯೊಂದರ ವಿಷಯವನ್ನು ಇಲ್ಲಿ ಹೇಳುವುದು ಉಚಿತವೆಂದು ತೋರುತ್ತದೆ. ಚಿನ್ನಿಯೆಂದು ಮೊಮ್ಮಗಳು ಹೆಸರಿಟ್ಟಿದ್ದ ಆ ಕೆಂಪು ಕೋಳಿ, ಮೊಟ್ಟೆಗಾಗಿಯೇ ಬೆಳೆಸಿದ ಜಾತಿಯದು. ಒಂದು ಬೇಸಗೆಯಲ್ಲಿ ಮೊಟ್ಟೆ ನಿಲ್ಲಿಸಿತು, ಆಮೇಲೆ ಹೊಟ್ಟೆ ಭಾರವಾದಂತೆ ಕಾಲಗಲಿಸಿ ಮೆಲ್ಲಗೆ ನಡೆಯತೊಡಗಿತು, ಕಡೆಗೆ ಮಂಕಾಗಿ ಕೂತಿತು. ಪಶುವೈದ್ಯರು ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು, ಜಂತುವಿನ ಮೊಟ್ಟೆಗಳಿರಲಿಲ್ಲ. ಮೇವಿನ ಚೀಲ ಸರಿಯಾಗಿತ್ತು. ಒಳಗೆ ಮೊಟ್ಟೆ ಸಿಕ್ಕಿಕೊಂಡಂತೆಯೂ ಕೈಗೆ ತಿಳಿಯಲಿಲ್ಲ. “ಸಾರ್, ಗುಣವಾಗುತ್ತೆ ಅಂತ ಭರವಸೆ ಕೊಡೋದಿಲ್ಲ. ನೋವಿಗೂ ಸೋಂಕಿಗೂ ಔಷಧ ಕೊಡ್ತೀನಿ, ನೀವು ಬೆಚ್ಚಗಿಟ್ಟು ನೋಡಿಕೊಳ್ಳಿ. ಉಳಿಯದಿದ್ದರೆ ದಯವಿಟ್ಟು ತಂದು ತೋರಿಸಿ” ಎಂದು ಅವರು ನೇರವಾಗಿ ಹೇಳಿದುದು ನನಗೆ ಹಿತವಾಯಿತು. ಸ್ವಲ್ಪ ಚೇತರಿಸಿಕೊಂಡಂತೆ ತೋರಿ, ಮೊಮ್ಮಗಳ ಕೈಯಿಂದ ಬೆಂದ ಮೊಟ್ಟೆಯನ್ನೂ ತಿಂದು, ಒಂದು ಬೆಳಗ್ಗೆ ಅದು ಪೆಟ್ಟಿಗೆಯಲ್ಲಿ ಸತ್ತಿತ್ತು. ಮಗುವಿನ ಅಳುವಿನ ನಡುವೆ ಅದನ್ನು ಆಸ್ಪತ್ರೆಗೆ ಒಯ್ಯುವುದು ಸುಲಭವಾಗಿರಲಿಲ್ಲ, ಆದರೂ ಒಯ್ದೆವು. ಸೀಳಿ ನೋಡಿದಾಗ ಉದರಕುಹರದ ತುಂಬ ಮೊಟ್ಟೆಯ ಹಳದಿಯ ಭಂಡಾರ ತುಂಬಿ ಕೆಟ್ಟು, ಕರುಳುಗಳೆಲ್ಲ ಅಂಟಿಕೊಂಡು ಉರಿಗೊಂಡಿದ್ದುವು.

ಆದುದೇನೆಂದು ವೈದ್ಯರು ವಿವರಿಸಿದರು. ಹ್ಯಾಟೆಯಲ್ಲಿ ಕೆಲಸಮಾಡುವುದು ಎಡಗಡೆಯ ಅಂಡಾಶಯ ಮಾತ್ರ. ಅಲ್ಲಿಂದ ಕಳಚಿದ ಭಂಡಾರವನ್ನು ಅಂಡನಾಳದ ಬಾಯಿ ಹಿಡಿದುಕೊಳ್ಳಬೇಕು. ಹಿಡಿತ ತಪ್ಪಿದರೆ ಅದು ಹೊಟ್ಟೆಯೊಳಕ್ಕೆ ಬೀಳುತ್ತದೆ, ಅಲ್ಲಿ ಸೂಕ್ಷ್ಮಾಣುಗಳು ಸೇರಿದರೆ ಸೋಂಕಾಗುತ್ತದೆ. ಕಾಡಿನ ಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆಯಿಡುವಲ್ಲಿ, ಮೊಟ್ಟೆಗಾಗಿ ತಳಿ ಮಾಡಿದ ಇಂದಿನ ಕೋಳಿ ಮುನ್ನೂರು ಇಡುತ್ತದೆ; ಒಂದೊಂದು ಚಿಪ್ಪಿಗೂ ಸುಮಾರು 2 ಗ್ರಾಮ್ ಸುಣ್ಣಾಂಶವನ್ನು ತನ್ನ ಮೇವಿನಿಂದಲೂ ಮೂಳೆಯಿಂದಲೂ ತೆಗೆದುಕೊಡುತ್ತದೆ. ಇಷ್ಟು ದುಡಿಸಿಕೊಂಡ ಅಂಗ ಎರಡು ಮೂರನೆಯ ವರ್ಷಕ್ಕೆ ಸೋಲುವುದು ಆಶ್ಚರ್ಯವಲ್ಲ. ನಮ್ಮ ಹಿತ್ತಲಿಗೆ ಹೆಚ್ಚು ಒಗ್ಗುವುದು ನಾಟಿಕೋಳಿ, ಅಥವಾ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಿತ್ತಲ ಸಾಕಣೆಗೆಂದೇ ರೂಪಿಸಿದ ಗಿರಿರಾಜದಂಥ ತಳಿ, ಎಂಬ ಅಭಿಪ್ರಾಯ ನನಗೆ ಅಂದಿನಿಂದ ದೃಢವಾಗಿದೆ. ಮುಖ್ಯವಾದ ಲಾಭ ಬೇರೊಂದು: ಚಿನ್ನಿಯ ಕಾಯಿಲೆ ಅಂಟುವಂಥದಲ್ಲವೆಂದು ತಿಳಿದು, ಉಳಿದ ಕೋಳಿಗಳ ವಿಷಯದಲ್ಲಿ ಮನಸ್ಸು ನಿಶ್ಚಿಂತವಾಯಿತು, ಮೊಮ್ಮಗಳಿಗೂ, ತಾನು ಕೊಟ್ಟ ತಿಂಡಿಯಿಂದ ಅದು ಸಾಯಲಿಲ್ಲವೆಂಬ ಸಮಾಧಾನ ದೊರೆಯಿತು.

ಕಾರಣ ತಿಳಿಯುವುದರ ಮಹತ್ತ್ವವನ್ನು ಈ ನಗರಕ್ಕೆ ಬೇರೆ ರೀತಿಯಲ್ಲಿಯೂ ಕಾಲ ತೋರಿಸಿಕೊಟ್ಟಿದೆ. 1892ರಲ್ಲಿ ಸ್ಥಾಪಿತವಾದ ನಮ್ಮ ಶ್ರೀ ಚಾಮರಾಜೇಂದ್ರ ಮೃಗಾಲಯವು 2017ರ ಜನವರಿಯಲ್ಲಿ, ಅಲ್ಲಿನ ಕೆಲವು ನೀರುಹಕ್ಕಿಗಳು ಸತ್ತು ಪರೀಕ್ಷೆಯಲ್ಲಿ ಹಕ್ಕಿಜ್ವರ ಕಂಡುಬಂದುದರಿಂದ, ಸುಮಾರು ಒಂದು ತಿಂಗಳ ಕಾಲ ಬಾಗಿಲು ಮುಚ್ಚಿತು. 2020ರ ಮಾರ್ಚಿಯಲ್ಲಿ, ಕೊರೋನಾ ಇನ್ನೇನು ನಮ್ಮನ್ನು ಮನೆಯೊಳಗೆ ಕೂಡಿಹಾಕಲಿದ್ದ ದಿನಗಳಲ್ಲಿ, ಕುಂಬಾರಕೊಪ್ಪಲಿನಲ್ಲಿ ಸತ್ತ ಕೋಳಿಗಳ ಮಾದರಿಗಳನ್ನು ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಕಳುಹಿಸಲಾಗಿ ಅಲ್ಲಿಂದಲೂ ಅದೇ ಉತ್ತರ ಬಂದಿತು. ಬೇಸಗೆಯ ಆರಂಭದ ಆ ದಿನಗಳಲ್ಲಿ, ಪರೀಕ್ಷೆಯೊಂದು ಇಲ್ಲದಿದ್ದರೆ, ಬಿಸಿಲಿಗೆ ಸತ್ತವೆಂದು ಯಾರಾದರೂ ನಂಬಬಹುದಾಗಿತ್ತು. ನಿಯಮದಂತೆ ಒಂದು ಕಿಲೋಮೀಟರ್ ವ್ಯಾಪ್ತಿಯ ಕೋಳಿಗಳನ್ನೆಲ್ಲ, ಮನೆಗಳಲ್ಲಿ ಮುದ್ದಿಗಾಗಿ ಸಾಕಿದ ಹಕ್ಕಿಗಳನ್ನೂ ಬಿಡದೆ, ಕೊಲ್ಲಬೇಕಾಯಿತು. ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ಕಣ್ಗಾವಲು ಇಡಲಾಯಿತು. ಸಾಕಿದ ಹಕ್ಕಿಗಳನ್ನು ಒಪ್ಪಿಸಬೇಕಾಗಿ ಬಂದವರ ದುಃಖವನ್ನು ನಾನು ಲಘುವಾಗಿ ಕಾಣಲಾರೆ. ಆದರೂ ಆ ಕ್ರಮವನ್ನು ನಾನು ಸರಿಯೆಂದೇ ಹೇಳುತ್ತೇನೆ, ಏಕೆಂದರೆ ಆ ರೋಗ ಮನುಷ್ಯರನ್ನೂ ಬಿಡುವುದಿಲ್ಲ. ಎಷ್ಟು ಬೇಗ ತಿಳಿದರೆ ಅಷ್ಟು ಕಡಿಮೆ ಹಕ್ಕಿಗಳು ಸಾಯುತ್ತವೆ. ಮರೆಮಾಚಿದ ಒಂದು ಗೂಡು ಇಡೀ ಬಡಾವಣೆಯ ಗೂಡುಗಳನ್ನು ಬರಿದುಮಾಡಬಲ್ಲದು.

ಆದುದರಿಂದ, ಪತ್ರ ಬರೆದ ಮಿತ್ರರಲ್ಲಿ ನನ್ನ ಪ್ರಾರ್ಥನೆ ಇದು. ಕೋಳಿ ಮಂಕಾದ ದಿನವೇ ಅದನ್ನು ಬೇರ್ಪಡಿಸಿ, ಬೆಚ್ಚಗಿರಿಸಿ, ತಿಂದದ್ದು, ಕುಡಿದದ್ದು, ಹಿಕ್ಕೆಯ ಬಣ್ಣ, ಕಡೆಯ ಮೊಟ್ಟೆಯಿಟ್ಟ ದಿನ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಸಂಕೋಚವಿಲ್ಲದೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಒಯ್ಯಿರಿ. ಹೋಗಲಾಗದವರು 1962 ಎಂಬ ಪಶು ಸಹಾಯವಾಣಿಗೆ ಕರೆಮಾಡಬಹುದು. ಸಾಕಿದ ಕೋಳಿ ಕಾರಣ ತಿಳಿಯದೆ ಸತ್ತರೆ, ತಿಪ್ಪೆಗೆಸೆಯದೆ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಎತ್ತಿ, ಎರಡು ಚೀಲಗಳಲ್ಲಿ ಕಟ್ಟಿ, ಮಂಜುಗಡ್ಡೆಯ ಜೊತೆ ತಂಪಾಗಿಟ್ಟು ಒಂದು ದಿನದೊಳಗೆ ವೈದ್ಯರಿಗೆ ಒಪ್ಪಿಸಿರಿ; ಹೆಪ್ಪುಗಟ್ಟಿಸಿದರೆ ಒಳಗಿನ ಅಂಗಾಂಶ ಕೆಟ್ಟು ಪರೀಕ್ಷೆಗೆ ಒದಗುವುದಿಲ್ಲ. ಒಂದೆರಡು ದಿನಗಳಲ್ಲಿ ಹಲವು ಕೋಳಿಗಳೋ, ಸುತ್ತಿನ ಕಾಗೆ ಕೊಕ್ಕರೆಗಳೋ ಸಾಯತೊಡಗಿದರೆ ಮಾತ್ರ ಯಾವುದನ್ನೂ ಮುಟ್ಟದೆ, ಮಕ್ಕಳನ್ನು ದೂರವಿರಿಸಿ, ಮೊದಲು ಪಶುಸಂಗೋಪನಾ ಇಲಾಖೆಗೆ ತಿಳಿಸಿರಿ.